ಎಲೆಅಡಿಕೆ ಸಂಚಿಯಲ್ಲಿ ಬಿಪಿ ಮಾತ್ರೆ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಆಮೇಲೆ ಯಾರೂ ಮೋಸ ಹೋದೆವು ಅನ್ನಬಾರದು. ಇಪ್ಪತ್ತೆಂಟು ವರ್ಷ ಮಧುಗಿರಿ ಸುತ್ತಮುತ್ತಲಿನ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದವಳು ನಾನು. ಹೆರಿಗೆ ವಾರ್ಡಿನಲ್ಲಿ ಕೂಗಿ ಕೂಗಿ ಗಂಟಲು ದೊಡ್ಡದಾಯಿತೋ, ಗಂಟಲು ದೊಡ್ಡದಿದೆ ಅಂತಲೇ ನನ್ನನ್ನು ಹೆರಿಗೆ ವಾರ್ಡಿಗೆ ಹಾಕಿದ್ದರೋ, ಇವತ್ತಿಗೂ ಗೊತ್ತಿಲ್ಲ. ಈಗ ಕೆಲವು ವರ್ಷಗಳಿಂದ ನನ್ನ ಕೆಲಸ ಬೇರೆ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಸಣ್ಣ ಸಣ್ಣ ಸರ್ಕಾರಿ ಆಸ್ಪತ್ರೆಗಳಿಗೆ ಹೋಗಬೇಕು. ಬಂದ ರೋಗಿಯನ್ನು ಸರಿಯಾಗಿ ನೋಡಿಕೊಳ್ಳುತ್ತಾರಾ, ಕೊಡುವ ಔಷಧದಿಂದ ಯಾರಿಗೂ ಅಪಾಯವಿಲ್ಲ ತಾನೇ, ಸೂಜಿ, ಬಟ್ಟೆ, ನೀರು ಎಲ್ಲ ಶುದ್ಧವಾಗಿವೆಯಾ ಅಂತ ಒಂದೊಂದಾಗಿ ನೋಡಿ ಅಂಕ ಹಾಕಬೇಕು. ಪೂರ್ತಿ ಸರಿಯಿದ್ದರೆ ಎರಡು, ಅರ್ಧಂಬರ್ಧ ಇದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ.

ನನಗೆ ಒಂದು ಅಭ್ಯಾಸ. ಯಾವ ಆಸ್ಪತ್ರೆಗೆ ಹೋದರೂ ಮೊದಲು ಬೀರುವಿನ ತಲೆಯ ಮೇಲೆ ಬೆರಳು ಎಳೆಯುತ್ತೇನೆ. ಕಣ್ಣಿಗೆ ಕಾಣುವ ಜಾಗವನ್ನು ಎಲ್ಲರೂ ಒರೆಸುತ್ತಾರೆ, ಇನ್‌ಸ್ಪೆಕ್ಷನ್ ಅಂದ ಕೂಡಲೇ ಫಿನಾಯಿಲ್ ಹೊಳೆ ಹರಿಯುತ್ತದೆ. ಬೀರುವಿನ ತಲೆ ಮಾತ್ರ ಯಾರಿಗೂ ನೆನಪಾಗುವುದಿಲ್ಲ. ಇದಕ್ಕೇ ನನಗೆ ಹಿಂದಿನಿಂದ ‘ಬೆರಳು ಮೇಡಂ’ ಅನ್ನುತ್ತಾರಂತೆ. ಅನ್ನಲಿ ಬಿಡಿ, ಅದಕ್ಕಿಂತ ಕೆಟ್ಟ ಹೆಸರು ಇಟ್ಟಿದ್ದರೂ ಆಶ್ಚರ್ಯವಿರಲಿಲ್ಲ.

ಈಗ ಹೇಳುತ್ತಿರುವುದು ಬರಗೂರಿನಿಂದ ಮುಂದೆ, ಪಾವಗಡದ ದಿಕ್ಕಿಗೆ ಹೋಗುವ ದಾರಿಯ ಒಂದು ಆಸ್ಪತ್ರೆಯ ಮಾತು. ಊರ ಹೆಸರು ಬೇಡ. ಕಡಲೆಕಾಯಿ ಕೀಳುವ ಕಾಲ. ದಾರಿಯುದ್ದಕ್ಕೂ ಹೊಲದಲ್ಲಿ ಹೆಂಗಸರು ಸಾಲಾಗಿ ಕೂತು ಗಿಡದಿಂದ ಕಾಯಿ ಬಿಡಿಸುತ್ತಿದ್ದರು. ಆಸ್ಪತ್ರೆಯೊಳಗೆ ಕಾಲಿಟ್ಟವಳೇ ಬೀರುವಿನ ಮೇಲೆ ಬೆರಳು ಎಳೆದೆ. ಬೆರಳು ಹೋದ ಹಾಗೇ ವಾಪಸು ಬಂತು! ಒಂದು ಚೂರು ಧೂಳಿಲ್ಲ. ನನಗೆ ಒಂಥರಾ ನಿರಾಸೆಯೇ ಆಯಿತು.

ಅಲ್ಲಿ ಇದ್ದವರು ಇಬ್ಬರೇ. ಒಬ್ಬ ಚಿಕ್ಕ ವಯಸ್ಸಿನ ಡಾಕ್ಟರು, ಕಾಲೇಜಿನಿಂದ ನೇರ ಬಂದವನು, ನನ್ನ ಹಿಂದೆ ಹಿಂದೆಯೇ ಕೈಕಟ್ಟಿಕೊಂಡು ನಡೆಯುತ್ತಿದ್ದ. ಇನ್ನೊಬ್ಬಳು ನರ್ಸು. ನಲವತ್ತರ ಹತ್ತಿರದ ಹೆಂಗಸು, ಪಾವಗಡದ ಕಡೆಯವಳು, ಮಾತಿಗೊಂದು ತೆಲುಗು ಸೇರಿಸುವವಳು. ಕಾಯಂ ನೌಕರಿಯಲ್ಲ ಅವಳದು, ವರ್ಷವರ್ಷವೂ ಕರಾರು ಹೊಸದಾಗಬೇಕು. ಮಾತ್ರೆ ಕೊಡುವ ಫಾರ್ಮಸಿಸ್ಟ್ ಹುದ್ದೆ ಖಾಲಿ ಬಿದ್ದು ಬಹಳ ಕಾಲವಾಗಿತ್ತು. ಹಾಗಾಗಿ ಗಾಯ ಕಟ್ಟುವುದು, ಇಂಜೆಕ್ಷನ್ ಹಾಕುವುದು, ಮಾತ್ರೆ ಕೊಡುವುದು ಎಲ್ಲ ಅವಳದೇ.

ಲಸಿಕೆ ಇಡುವ ಫ್ರಿಜ್ಜಿನ ಪುಸ್ತಕ ತೆಗೆದೆ. ದಿನಕ್ಕೆ ಎರಡು ಸಲ ಫ್ರಿಜ್ಜಿನ ಉಷ್ಣಾಂಶ ನೋಡಿ ಬರೆಯಬೇಕು. ನಾನು ನೋಡಿದ ಎಷ್ಟೋ ಕಡೆ ಒಂದೇ ಪೆನ್ನಿನಲ್ಲಿ, ಒಂದೇ ಸಲ ಕೂತು, ತಿಂಗಳಿಡೀ ನಾಲ್ಕು ನಾಲ್ಕು ನಾಲ್ಕು ಅಂತ ಬರೆದಿರುತ್ತಾರೆ. ಒಂದು ಕಡೆಯಂತೂ ನಾಳೆಯದನ್ನೂ ಬರೆದಿಟ್ಟಿದ್ದರು. ಇಲ್ಲಿ ನೋಡಿದರೆ ಒಂದು ದಿನ ಮೂರು, ಒಂದು ದಿನ ಐದು, ನಡುವೆ ಒಂದು ದಿನ ಸಂಜೆಯ ಕಾಲಮ್ಮಿನಲ್ಲಿ ‘ನೋಡಲಿಲ್ಲ’ ಅಂತ ಬರೆದಿತ್ತು.

“ಇದೇನು ಸಿಸ್ಟರ್, ನೋಡಲಿಲ್ಲ ಅಂದರೆ?”

“ಒಂದು ಹಾವು ಕಡ್ದಿದ್ ಕೇಸು ಬಂತು ಮೇಡಂ. ಅವ್ರ ಜೊತೇಲಿ ಗಾಡಿ ಹತ್ತಿ ಶಿರಾಕ್ಕೆ ಹೊಂಟೋದೆ. ಫ್ರಿಜ್ಜು ನೋಡ್ಲಿಲ್ಲ. ನೋಡ್ದೇ ಹೆಂಗೆ ಬರೀಲಿ?”

ಅಲ್ಲಾ, ಹೀಗೂ ಇರುತ್ತಾರಾ ಜನ! ನನ್ನ ಇಷ್ಟು ವರ್ಷದ ತಿರುಗಾಟದಲ್ಲಿ ಆ ಒಂದು ಮಾತು ಬರೆದಿದ್ದ ಪುಸ್ತಕ ಅದೊಂದೇ. ಅಂಕ ಕಡಿಮೆಯಾಗುತ್ತದೆ ಅಂತ ಗೊತ್ತಿದ್ದೂ ಬರೆದಿದ್ದಳು. ಆ ಕ್ಷಣದಿಂದ ಅವಳು ನನಗೆ ಇಷ್ಟವಾದಳು. ಮುಖದಲ್ಲಿ ಮಾತ್ರ ತೋರಿಸಿಕೊಳ್ಳಲಿಲ್ಲ. ತೋರಿಸಿದರೆ ಬಾಲ ಬಿಚ್ಚುತ್ತಾರೆ ಅಂತ ನನ್ನ ನಂಬಿಕೆ.

ಹನ್ನೊಂದು ಗಂಟೆಯ ಹೊತ್ತಿಗೆ ಒಬ್ಬ ಅಜ್ಜಿ ಬಂದಳು. ಎಪ್ಪತ್ತು ದಾಟಿದವಳು, ನೆಟ್ಟಗಿನ ಬೆನ್ನು, ಹೆಗಲ ಮೇಲೆ ಮಡಿಸಿದ ಕಂಬಳಿ. ಪಕ್ಕದ ಹಟ್ಟಿಯ ಕುರಿ ಮೇಯಿಸುವ ಮನೆಯವಳು. ಅವಳಿಗೆ ಬಿಪಿಯೂ ಇತ್ತು, ಸಕ್ಕರೆ ಕಾಯಿಲೆಯೂ ಇತ್ತು. ನರ್ಸು ಬಿಪಿ ನೋಡಿದಳು, ಬೆರಳಿಗೆ ಚುಚ್ಚಿ ಸಕ್ಕರೆ ನೋಡಿದಳು, ಬರೆದುಕೊಂಡಳು. ಎಲ್ಲ ಚೊಕ್ಕವಾಗಿ ನಡೆಯಿತು. ಆಮೇಲೆ ಅಜ್ಜಿ ಸೊಂಟಕ್ಕೆ ಕೈಹಾಕಿ ತನ್ನ ಎಲೆಅಡಿಕೆ ಸಂಚಿ ತೆಗೆದಳು. ನಮ್ಮ ಕಡೆ ನೋಡಿದವರಿಗೆ ಗೊತ್ತು, ಆ ಸಂಚಿಯಲ್ಲಿ ಒಂದರ ಮೇಲೊಂದು ಅರೆಗಳಿರುತ್ತವೆ, ಎಲೆಗೊಂದು, ಅಡಿಕೆಗೊಂದು, ಸುಣ್ಣದ ಡಬ್ಬಿಗೊಂದು, ಹೊಗೆಸೊಪ್ಪಿಗೊಂದು. ಈ ಸಂಚಿಗೆ ಇನ್ನೆರಡು ಅರೆ ಹೊಸದಾಗಿ ಹೊಲಿದಿತ್ತು. ಒಂದರ ಬಾಯಿಗೆ ಕೆಂಪು ಬಟ್ಟೆ, ಇನ್ನೊಂದಕ್ಕೆ ನೀಲಿ. ನರ್ಸು ಮಾತ್ರೆ ಹಾಳೆಗಳನ್ನು ತೆಗೆದುಕೊಂಡು ಪಟಪಟ ಅಂತ ಒಂದೊಂದೇ ಮಾತ್ರೆ ಒತ್ತಿ ತೆಗೆದು, ಬಿಪಿ ಮಾತ್ರೆಗಳನ್ನು ಕೆಂಪು ಅರೆಗೂ ಸಕ್ಕರೆ ಮಾತ್ರೆಗಳನ್ನು ನೀಲಿ ಅರೆಗೂ ಸುರಿದಳು.

ನನ್ನ ಪಿತ್ತ ನೆತ್ತಿಗೇರಿತು.

“ಏನು ಸಿಸ್ಟರ್ ಇದು? ಮಾತ್ರೆ ಕೊಡ್ತಿದ್ದೀಯಾ, ಅಡಿಕೆ ಚೂರು ಕೊಡ್ತಿದ್ದೀಯಾ? ಮಾತ್ರೆ ಹೆಸರೆಲ್ಲಿ? ಯಾವಾಗ ಅವಧಿ ಮುಗಿಯುತ್ತೆ ಅನ್ನೋದೆಲ್ಲಿ? ಈ ಅಜ್ಜಿಗೆ ಏನಾದರೂ ಆಗಿ ಬೇರೆ ಆಸ್ಪತ್ರೆಗೆ ಹೋದರೆ, ಇವಳು ಏನು ನುಂಗಿದ್ದಾಳೆ ಅಂತ ಅಲ್ಲಿನ ಡಾಕ್ಟರಿಗೆ ಹೇಗೆ ಗೊತ್ತಾಗಬೇಕು?”

ಹೊರಗೆ ಬೆಂಚಿನ ಮೇಲೆ ಕೂತವರೆಲ್ಲ ಇಣುಕಿ ನೋಡಿದರು. ನರ್ಸು ಹೆದರಿದಳೇ ಹೊರತು ಸುಳ್ಳು ಹೇಳಲಿಲ್ಲ.

“ಮೊದ್ಲು ಕವರ್‌ನಾಗೇ ಕೊಡ್ತಿದ್ದೆ ಮೇಡಂ. ಸೂರ್ಯನ್ನ ಬರ್ದು, ಚಂದ್ರನ್ನ ಬರ್ದು ಕೊಡ್ತಿದ್ದೆ. ಇವ್ರು ಕುರಿ ಹೊಡ್ಕಂಡು ತಿಂಗ್ಳಾನುಗಟ್ಲೆ ಹೊಂಟೋಯ್ತಾರೆ. ಕವರು ಮಳೇಲಿ ನೆಂದು ಎಲ್ಡೂ ಮಾತ್ರೆ ಬೆರ್ತೋಗ್ತಿದ್ವು. ಹಾಳೇಲೇ ಕೊಟ್ರೆ ಮೂಟೇಲಿ ಸೇರ್ಕಂಡು ಮರ್ತೋಗ್ತಿತ್ತು. ಏಂ ಚೇಸ್ತಾಂ ಮೇಡಂ, ಏನ್ ಮಾಡಾದು? ಕೊನೇಗೆ ನೋಡ್ದೆ, ಇವ್ರು ಊಟ ಮರ್ತಾರು, ಸಂಚಿ ಮರೆಯಕ್ಕಿಲ್ಲ. ಸ್ನಾನ ಮಾಡಾಗ ಬುಟ್ರೆ ಸೊಂಟದಿಂದ ಇಳ್ಸಕ್ಕಿಲ್ಲ. ಅದ್ಕೇ ನಾನೇ ಮನೇಲಿ ಕೂತು ಎಲ್ರ ಸಂಚಿಗೂ ಎಲ್ಡೆಲ್ಡು ಅರೆ ಹೊಲ್ದುಕೊಟ್ಟೆ.”

ಅವಳು ಹೇಳಿದ್ದು ಕೇಳಿ ನನ್ನ ಕೋಪ ಅರ್ಧ ಇಳಿಯಿತು. ಆದರೆ ನಿಯಮ ನಿಯಮವೇ. ‘ರೋಗಿಗೆ ಕೊಡುವ ಔಷಧದ ಮೇಲೆ ಹೆಸರು, ಅವಧಿ ಇದೆಯೇ?’ ಅನ್ನುವ ಪ್ರಶ್ನೆಯ ಮುಂದೆ ಸೊನ್ನೆ ಹಾಕಿದೆ. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದ.

“ಮೇಡಂ, ಹೋದ ವರ್ಷ ಬಂದವರೂ ಇದಕ್ಕೇ ಸೊನ್ನೆ ಹಾಕಿದ್ದರು. ಇವರಿಗೆ ನೋಟಿಸು ಬಂದಿದೆ. ಎರಡನೇ ಸಲವೂ ಸೊನ್ನೆ ಅಂದರೆ ಕರಾರು ಮುಂದುವರಿಸೋದಿಲ್ಲ ಅಂತ ಅದರಲ್ಲೇ ಬರೆದಿದ್ದಾರೆ. ಒಂದಾದರೂ ಹಾಕೋಕೆ ಆಗುತ್ತಾ ನೋಡಿ.”

“ನೋಟಿಸ್ ಬಂದ ಮೇಲೂ ಅದನ್ನೇ ಮಾಡ್ತಾಳಲ್ಲ ಡಾಕ್ಟ್ರೇ, ತಲೆ ಕೆಟ್ಟಿದೆಯಾ ಅವಳಿಗೆ?”

“ನಾನೂ ಹೇಳಿದೆ. ನಿಲ್ಲಿಸಿದರೆ ಇವರ ಬಿಪಿ ಮತ್ತೆ ಏರುತ್ತೆ ಸಾರ್ ಅಂತಾರೆ.”

ನನ್ನ ಕೆಲಸ ಆಸ್ಪತ್ರೆಯೊಳಗೇ ಮುಗಿಯುವುದಿಲ್ಲ. ಇಬ್ಬರೋ ಮೂವರೋ ರೋಗಿಗಳ ಮನೆಗೆ ಹೋಗಿ ಮಾತಾಡಿಸಿ ಬರಬೇಕು. ಮಧ್ಯಾಹ್ನ ಊಟವಾದ ಮೇಲೆ ಒಬ್ಬಳೇ ಹಟ್ಟಿಗೆ ನಡೆದೆ. ದೂರವೇನಿಲ್ಲ, ಒಂದು ಹಳ್ಳ ದಾಟಿದರೆ ಸಿಗುತ್ತದೆ. ಅದೇ ಅಜ್ಜಿ ಮನೆ ಮುಂದಿನ ಬೇವಿನ ಮರದ ಕೆಳಗೆ ಕೂತಿದ್ದಳು. ಬೆಳಿಗ್ಗೆ ಅವಳ ಎದುರಿಗೇ ಕಿರುಚಾಡಿದ್ದೆ, ಬಯ್ಯುತ್ತಾಳೇನೋ ಅಂದುಕೊಂಡೆ. ಅವಳು ಎದ್ದು ಕಂಬಳಿ ಹಾಸಿದಳು.

“ಬಾರವ್ವ, ಕುಂತ್ಕ. ಬಿಸ್ಲಾಗೆ ನಡ್ಕಂಡ್ ಬಂದ್ಯಾ? ಗಾಡಿ ಇರ್ನಿಲ್ವಾ?”

ಮಾತ್ರೆಯ ಮಾತೆತ್ತಿದೆ. ಯಾವುದು ಯಾವಾಗ ತಗೊಳ್ತೀರಿ ಅಂತ ಕೇಳಿದೆ. ಸಂಚಿ ಬಿಚ್ಚಿ ಮಡಿಲಲ್ಲಿ ಹರಡಿಕೊಂಡಳು.

“ಒತ್ತಾರೆ ಎದ್ದು ಮೊಕ ತೊಳ್ಕಂಡು, ಈ ಕೆಂಪುದ್ರಾಗ್ಲಿಂದ ಒಂದು. ಬೈಗಾದ್ಮ್ಯಾಲೆ ಉಣ್ಣಕೆ ಮುಂಚೆ ಈ ನೀಲಿದ್ರಾಗ್ಲಿಂದ ಒಂದು. ನೀಲಿದು ತಗಂಡ್ ಮ್ಯಾಲೆ ಉಣ್ದಂಗೆ ಮಲಗ್ಬಾರ್ದು ಅಂತ ಸಿಸ್ಟ್ರಮ್ಮ ಯೋಳವ್ಳೆ.”

ಒಂದು ತಪ್ಪಿಲ್ಲ! ಚೀಲದಲ್ಲಿದ್ದ ಯಂತ್ರ ತೆಗೆದು ನಾನೇ ಬಿಪಿ ನೋಡಿದೆ. ನನ್ನದಕ್ಕಿಂತ ಚೆನ್ನಾಗಿತ್ತು. ಮಧುಗಿರಿ ಪೇಟೆಯಲ್ಲಿ ಓದುಬರಹ ಬಂದವರನ್ನು, ಮನೆಯಲ್ಲಿ ಮಾತ್ರೆ ಡಬ್ಬಿ ಸಾಲಾಗಿ ಇಟ್ಟುಕೊಂಡವರನ್ನು ಇದೇ ಪ್ರಶ್ನೆ ಕೇಳಿದ್ದೇನೆ, ‘ಆ ಬಿಳೀದು ಮೇಡಂ, ಚಿಕ್ಕದು’ ಅನ್ನುತ್ತಾರೆ, ಅಷ್ಟೇ. ಅಕ್ಕಪಕ್ಕದ ಇನ್ನಿಬ್ಬರು ಮುದುಕಿಯರನ್ನೂ ಕೇಳಿದೆ. ಅವರದೂ ಹಾಗೇ ಇತ್ತು, ಕೆಂಪು ಒತ್ತಾರೆ, ನೀಲಿ ಬೈಗು. ನನಗೆ ನಾಚಿಕೆಯಾಯಿತು. ಇಷ್ಟು ಚಂದ ಕೆಲಸ ಮಾಡುವ ಹೆಂಗಸಿನ ಮೇಲೆ ಅಷ್ಟು ಜನರ ಮುಂದೆ ಕೂಗಾಡಿದೆನಲ್ಲ! ಸೊನ್ನೆ ಹೊಡೆದುಹಾಕಿ ಒಂದು ಮಾಡಿಬಿಡುತ್ತೇನೆ, ಹಾಳೆಯನ್ನು ಬಿಡಿಬಿಡಿಯಾಗಿ ಕತ್ತರಿಸಿ ಹೆಸರು ಉಳಿಯುವಂತೆ ಸಂಚಿಗೆ ಹಾಕು ಅಂತ ಹೇಳಿಕೊಡುತ್ತೇನೆ, ಅವಳ ಕೆಲಸವೂ ಉಳಿಯುತ್ತದೆ ಅಂತ ಅಲ್ಲೇ ತೀರ್ಮಾನ ಮಾಡಿದೆ. ಬಹಳ ಸಂತೋಷವಾಯಿತು.

ಅಜ್ಜಿ ಎರಡು ಎಲೆ ಒರೆಸಿ ಸುಣ್ಣ ಸವರಿ ನನ್ನ ಕೈಗಿಟ್ಟಳು. ಅಡಿಕೆ ಕೊಟ್ಟಳು. ಆಮೇಲೆ ನನ್ನ ಮುಖ ನೋಡಿ, “ಯಾಕವ್ವ, ಇಂಗೆ ಬೆವುತ್ಕಂಡಿದ್ದೀಯ? ನಿಂಗೂ ಬಿಪಿ ಐತಾ?” ಅಂದಳು.

“ಐತಜ್ಜಿ. ಊರೂರು ತಿರುಗಿ ಬಯ್ಯೋದೇ ನನ್ನ ಕೆಲಸ, ಬಿಪಿ ಇಲ್ಲದೆ ಇರುತ್ತಾ?”

ಅವಳು ಕೆಂಪು ಅರೆಗೆ ಬೆರಳು ಹಾಕಿ ಒಂದು ಮಾತ್ರೆ ತೆಗೆದು, ಎಲೆಯ ಮೇಲೆ ಅಡಿಕೆಯ ಪಕ್ಕದಲ್ಲಿ ಇಟ್ಟಳು. “ತಗ, ಒಂದಾಕ್ಕ. ಸಂದಾಗಿ ಕೇಳ್ತದೆ.”

ನಾನು ಜೋರಾಗಿ ನಕ್ಕುಬಿಟ್ಟೆ. ಇನ್‌ಸ್ಪೆಕ್ಷನ್‌ಗೆ ಬಂದವಳಿಗೇ ಮಾತ್ರೆ! ನಗುತ್ತ ನಗುತ್ತಲೇ ಒಂದು ಅನುಮಾನ ಬಂತು.

“ಅಜ್ಜಿ, ಬಂದವರಿಗೆಲ್ಲ ಹೀಗೇ ಕೊಡ್ತೀಯಾ?”

“ಕೊಡ್ದೆ? ಸಂಚಿ ಬಿಚ್ಚಿದ್ಮ್ಯಾಕೆ ಎದ್ರಿಗೆ ಕುಂತೋರ್ಗೆ ಕೊಡ್ದಂಗೆ ನಾವೊಬ್ರೇ ಬಾಯ್ಗಾಕ್ಕಳಾಕಾಯ್ತದಾ? ಮನುಸ್ರಾ ನಾವು?”

“ನೀಲಿದೂ ಕೊಟ್ಟಿದ್ದೀಯಾ?”

“ಅದು ಸುಸ್ತಿಗಲ್ವಾ? ಅದು ತಗಳಕ್ ಮುಂಚೆ ನಂಗೆ ಸುಸ್ತೋ ಸುಸ್ತು. ಹೋದ್ ತಿಂಗ್ಳು ನಮ್ ನಾದ್ನಿ ಬಂದಿದ್ಲು. ಸುಸ್ತು ಕಣತ್ಗೆ ಅಂದ್ಲು, ಒಂದು ಕೊಟ್ಟೆ. ಅವ್ಳ ಗಾಚಾರ, ಅವತ್ತೇ ಗಾಳಿ ಸೋಕ್ಬುಡ್ತು. ಉಪಾಸ ಇದ್ಲು, ಇಲ್ಲೇ ಮೈಯೆಲ್ಲ ಬೆವುತು ನಡುಗಿ ಬಿದ್ದೋದ್ಲು ಕಣವ್ವ. ಮಾತಿಲ್ಲ ಕತೆಯಿಲ್ಲ. ಯಾರೋ ಬಾಯ್ಗೆ ಬೆಲ್ಲದ ನೀರು ಬುಟ್ರು, ಎದ್ಲು. ಆಮೇಲೆ ನಿವಾಳ್ಸಿ ಹಾಕ್ಸಿದ್ವಿ.”

ಸಕ್ಕರೆ ಕಾಯಿಲೆ ಇಲ್ಲದ ಹೆಂಗಸು. ಉಪವಾಸದ ದಿನ. ಸಕ್ಕರೆ ಇಳಿಸುವ ಮಾತ್ರೆ. ಆ ಬೆಲ್ಲದ ನೀರು ಬಾಯಿಗೆ ಬೀಳದಿದ್ದರೆ ಆಕೆ ಏಳುತ್ತಿರಲಿಲ್ಲ. ಈ ಅಜ್ಜಿಗೆ ಅದರ ಸುಳಿವೂ ಇರಲಿಲ್ಲ. ತಾನು ಪ್ರೀತಿಯಿಂದ ಕೊಟ್ಟದ್ದು ಅಷ್ಟೇ ಅವಳಿಗೆ ಗೊತ್ತು. ಕವರಿನಲ್ಲಿದ್ದರೆ ಮಾತ್ರೆ ಮಾತ್ರೆಯಾಗೇ ಇರುತ್ತಿತ್ತು. ಸಂಚಿಗೆ ಬಿದ್ದ ಮೇಲೆ ಅದೂ ಎಲೆಅಡಿಕೆಯ ಜೊತೆ ಸೇರಿಹೋಯಿತು, ಬಂದವರಿಗೆ ಕೊಡಲೇಬೇಕಾದ ಮರ್ಯಾದೆಯಾಯಿತು. ಮರೆಯಬಾರದು ಅಂತ ಸಂಚಿಗೆ ಹಾಕಿದ ನರ್ಸಿಗೆ ಇದು ಹೊಳೆದಿರಲಿಲ್ಲ. ನಿಜ ಹೇಳುತ್ತೇನೆ, ಆ ಮಾತ್ರೆ ನನ್ನ ಅಂಗೈಗೆ ಬರುವ ತನಕ ನನಗೂ ಹೊಳೆದಿರಲಿಲ್ಲ.

ಕೈಯಲ್ಲಿದ್ದ ಮಾತ್ರೆಯನ್ನು ವಾಪಸು ಅರೆಗೆ ಹಾಕಿ, ಯಾರಿಗೂ ಕೊಡಬೇಡ ಅಜ್ಜಿ, ಆಮೇಲೆ ಸಿಸ್ಟರ್ ಬಂದು ಹೇಳುತ್ತಾರೆ ಅಂದು ಎದ್ದೆ. ಹಳ್ಳ ದಾಟಿ ಬರುವಷ್ಟರಲ್ಲಿ ನನ್ನ ಸಂತೋಷವೆಲ್ಲ ಮಣ್ಣುಪಾಲಾಗಿತ್ತು. ಈಗ ಇದು ಬರೀ ಹೆಸರಿಲ್ಲದ ಮಾತ್ರೆಯ ಪ್ರಶ್ನೆಯಲ್ಲ. ಒಬ್ಬರಿಗೆ ನಿಜವಾಗಿ ಅಪಾಯವಾಗಿದೆ. ಅದು ನನಗೊಬ್ಬಳಿಗೇ ಗೊತ್ತು. ಬರೆದರೆ ನರ್ಸಿನ ಕೆಲಸ ಹೋಗುತ್ತದೆ. ಬರೆಯದಿದ್ದರೆ ಉಳಿಯುತ್ತದೆ.

ಆಸ್ಪತ್ರೆಯಲ್ಲಿ ಅವಳನ್ನೂ ಡಾಕ್ಟರನ್ನೂ ಕೂರಿಸಿಕೊಂಡು ನಡೆದದ್ದು ಹೇಳಿದೆ. ಮೆಲ್ಲಗೇ ಹೇಳಿದೆ, ನನ್ನ ಜಾಯಮಾನಕ್ಕೆ ಮೀರಿ. ನರ್ಸಿನ ಮುಖದ ಕಳೆಯೇ ಹೋಯಿತು. “ಅಯ್ಯೋ ದೇವುಡಾ” ಅಂದಳು. ಆಮೇಲೆ ಅವಳು ಕೇಳಿದ್ದು ಒಂದೇ.

“ಆಯಮ್ಮ ಈಗ ಹೆಂಗವ್ಳೆ ಮೇಡಂ?”

ತನ್ನ ಕೆಲಸ ಏನಾಗುತ್ತದೆ ಅಂತ ಕೇಳಲಿಲ್ಲ. ಬರೀತೀರಾ ಅಂತಲೂ ಕೇಳಲಿಲ್ಲ. ಸಕ್ಕರೆ ನೋಡುವ ಯಂತ್ರ ಚೀಲಕ್ಕೆ ಹಾಕಿಕೊಂಡು, ಇನ್‌ಸ್ಪೆಕ್ಷನ್ನನ್ನೂ ನನ್ನನ್ನೂ ಅಲ್ಲೇ ಬಿಟ್ಟು, ಸ್ಕೂಟಿ ಹತ್ತಿ ಹೋಗೇಬಿಟ್ಟಳು.

ಅವಳು ಹೋದ ಮೇಲೆ ಡಾಕ್ಟರು ಕುರ್ಚಿಯನ್ನು ನನ್ನ ಹತ್ತಿರಕ್ಕೆ ಎಳೆದುಕೊಂಡ. “ಮೇಡಂ, ಹಟ್ಟಿಯ ವಿಷಯ ಬರೀಬೇಡಿ. ನಾಳೆಯಿಂದಲೇ ನಾನು ಇದನ್ನು ನಿಲ್ಲಿಸ್ತೀನಿ. ಒಂದು ಅಂಕ ಹಾಕಿಬಿಡಿ. ಇಂಥ ನರ್ಸು ನನಗೆ ಮತ್ತೆ ಸಿಗೋದಿಲ್ಲ” ಅಂದ. ನನಗೂ ಬರೆಯುವ ಮನಸ್ಸಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ನಾನೂ ಒಬ್ಬ ನರ್ಸೇ. ನನ್ನ ಕೈಯಲ್ಲೂ ತಪ್ಪುಗಳಾಗಿವೆ, ಯಾರೋ ಹಿರಿಯರು ನೋಡಿಯೂ ನೋಡದ ಹಾಗೆ ಇದ್ದುದರಿಂದ ನಾನು ಇವತ್ತು ಇಲ್ಲಿದ್ದೇನೆ.

ಒಂದೂವರೆ ಗಂಟೆಯ ಮೇಲೆ ಅವಳು ವಾಪಸು ಬಂದಳು. ನಾದಿನಿಯ ಊರು ಪಕ್ಕದಲ್ಲೇ ಇತ್ತಂತೆ, ಅಲ್ಲಿಗೂ ಹೋಗಿ ಸಕ್ಕರೆ ನೋಡಿ ಬಂದಿದ್ದಳು. ಚೆನ್ನಾಗಿದ್ದಾರೆ ಅಂದಳು. ಹಟ್ಟಿಯ ಎಲ್ಲರ ಸಂಚಿಯಿಂದಲೂ ಮಾತ್ರೆ ವಾಪಸು ತೆಗೆಸಿ, ಯಾರ ಮಾತ್ರೆ ಯಾರಿಗೂ ಕೊಡಬಾರದು, ಪ್ರಾಣ ಹೋಗುತ್ತದೆ, ನಾಳೆ ಹೆಸರಿರುವ ಹಾಳೆಯಲ್ಲೇ ತಂದುಕೊಡುತ್ತೇನೆ ಅಂತ ಮನೆಮನೆಗೂ ಹೇಳಿ ಬಂದಿದ್ದಳು. ನಾನು ಇನ್ನೂ ಕಾಗದ ಮುಂದಿಟ್ಟುಕೊಂಡೇ ಕೂತಿದ್ದೆ, ಹಟ್ಟಿಯ ವಿಷಯ ಬರೆದಿರಲಿಲ್ಲ.

“ಬರ್ದ್ಬುಡ್ರಿ ಮೇಡಂ,” ಅಂದಳು.

“ಬರೆದರೆ ಏನಾಗುತ್ತೆ ಗೊತ್ತಲ್ಲ?”

“ಗೊತ್ತು. ಆದ್ರೆ ನನ್ನ ನೋಡಿ ಪಾವಗಡದ ಕಡೆ ಇನ್ನಿಬ್ರು ಸಿಸ್ಟರ್‌ಗಳು ಇಂಗೇ ಸಂಚಿ ಹೊಲ್ದು ಕೊಡ್ತಾವ್ರೆ. ನಾನೇ ಹೇಳ್ಕೊಟ್ಟೆ, ಸಂದಾಗಾಯ್ತದೆ ಮಾಡ್ರಿ ಅಂತ. ನೀವು ಬರೀದೇ ಹೋದ್ರೆ ಬೇರೆಯೋರ್ಗೆ ಗೊತ್ತಾಗಾದೆಂಗೆ? ಎಲ್ಲಾ ಕಡೆ ಬೆಲ್ಲದ ನೀರು ಇರ್ತೈತಾ ಮೇಡಂ?” ಅಲ್ಲಿಗೆ ಅವಳ ಧೈರ್ಯ ಮುಗಿಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು, “ಒಂದೇ ಒಂದು. ನಾದ್ನಿ ಬಿದ್ದಿದ್ದು ಮಾತ್ರೆಯಿಂದ ಅಂತ ಆ ಅಜ್ಜಿಗೆ ನಾನು ಹೇಳಿಲ್ಲ. ನೀವೂ ಹೇಳ್ಬೇಡಿ. ಅಪಾಯ ಐತೆ ಅಂತ ಹೇಳಿವ್ನಿ, ಸಾಕು. ತಾನೇ ಕೊಂದ್ಬುಡ್ತಿದ್ದೆ ಅಂತ ಗೊತ್ತಾದ್ರೆ ಆಯಮ್ಮ ಬದುಕಾಕಿಲ್ಲ,” ಅಂದಳು.

ಹೇಳುವುದಿಲ್ಲ ಅಂತ ಮಾತು ಕೊಟ್ಟೆ.

ಸೊನ್ನೆಯನ್ನು ಹಾಗೇ ಬಿಟ್ಟೆ. ನಡೆದದ್ದನ್ನೂ ಬರೆದೆ. ಆದರೆ ಅಷ್ಟಕ್ಕೇ ಬಿಡಲಿಲ್ಲ. ಷರಾ ಬರೆಯುವ ಜಾಗ ಸಾಲದೆ ಇನ್ನೊಂದು ಹಾಳೆ ಅಂಟಿಸಿ ಬರೆದೆ. ಈ ನರ್ಸು ತಾನಾಗಿ ಒಪ್ಪಿಕೊಂಡಿದ್ದಾಳೆ, ಅದೇ ದಿನ ಸರಿಪಡಿಸಿದ್ದಾಳೆ, ಇವಳ ರೋಗಿಗಳ ಬಿಪಿ ಹತೋಟಿಯಲ್ಲಿದೆ, ಇವಳನ್ನು ಯಾವ ಕಾರಣಕ್ಕೂ ಬಿಡಬೇಡಿ, ಬೇಕಾದರೆ ಇವಳಿಂದಲೇ ಬೇರೆಯವರಿಗೆ ಪಾಠ ಹೇಳಿಸಿ ಅಂತ. ಅಷ್ಟು ಚೆನ್ನಾಗಿ ನಾನು ಯಾವ ಪರೀಕ್ಷೆಯಲ್ಲೂ ಬರೆದಿರಲಿಲ್ಲ.

ಆ ಹಾಳೆಯನ್ನು ಯಾರೂ ಓದಲಿಲ್ಲ. ಸೊನ್ನೆಯನ್ನು ಮಾತ್ರ ಎಲ್ಲರೂ ಓದಿದರು. ಬೇಸಿಗೆಯಲ್ಲಿ ಕರಾರು ಮುಗಿದಾಗ ಅವಳದನ್ನು ಹೊಸದು ಮಾಡಲಿಲ್ಲ. ವಿಷಯ ತಿಳಿದು ನಾನು ಜಿಲ್ಲಾ ಆರೋಗ್ಯ ಕಚೇರಿಗೆ ಹೋಗಿ ಜಗಳವಾಡಿದೆ, ಅಲ್ಲಿನ ಗೋಡೆ ಬಿರುಕು ಬಿಡುವ ಹಾಗೆ ಕೂಗಿದೆ. ಅಲ್ಲಿದ್ದವರು ತಣ್ಣಗೆ ಫೈಲು ತೆಗೆದು ತೋರಿಸಿ, “ನೀವೇ ಬರೆದಿದ್ದೀರಲ್ಲ ಮೇಡಂ,” ಅಂದರು.

ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಗಡಿಯಾಚೆ ಆಂಧ್ರದ ಕಡೆ ಒಂದು ಖಾಸಗಿ ಆಸ್ಪತ್ರೆಗೆ ಸೇರಿದ್ದಳು. “ನಾನೇ ಬರೀರಿ ಅಂದಿದ್ದು, ನಿಮ್ದೇನೈತೆ ಬುಡ್ರಿ,” ಅಂದಳು. ಅದು ನನ್ನನ್ನು ಸಮಾಧಾನ ಮಾಡುವುದಕ್ಕೆ ಹೇಳಿದ ಮಾತು ಅಂತ ಇಬ್ಬರಿಗೂ ಗೊತ್ತಿತ್ತು.

ಮುಂಗಾರಿನ ಮೊದಲ ಮಳೆ ಬಿದ್ದ ಮೇಲೆ ಅದೇ ಆಸ್ಪತ್ರೆಗೆ ಮತ್ತೆ ಹೋದೆ. ಹೊಸ ನರ್ಸು ಬಂದಿದ್ದಳು, ಪಾಪದ ಹುಡುಗಿ, ಮೆದು ಮಾತು. ಮಾತ್ರೆಗೆಲ್ಲ ಅಚ್ಚುಹಾಕಿಸಿದ ಕವರು ಬಂದಿತ್ತು. ಅದರ ಮೇಲೆ ಸೂರ್ಯ, ಚಂದ್ರ, ಮಾತ್ರೆಯ ಹೆಸರು, ಅವಧಿ, ಎಲ್ಲ ಇತ್ತು. ನಿಯಮದ ಪ್ರಕಾರ ಒಂದು ಕೊರತೆಯಿಲ್ಲ. ಎರಡು ಅಂಕ ಹಾಕಿದೆ. ಆಮೇಲೆ ಹಟ್ಟಿಗೆ ಹೋದೆ.

ಅಜ್ಜಿ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಅವಳ ತಲೆಯ ಮೇಲೆ ಮೊಳೆಗೆ ಆ ಕವರುಗಳು ನೇತಾಡುತ್ತಿದ್ದವು. ಇಳಿಸಿ ನೋಡಿದೆ. ಎರಡು ತಿಂಗಳ ಮಾತ್ರೆ ಹಾಗೇ ಇತ್ತು, ಒಂದೂ ಮುಟ್ಟಿರಲಿಲ್ಲ. ಬಿಪಿ ನೋಡಿದೆ. ಯಂತ್ರ ಕೆಟ್ಟಿದೆಯೇನೋ ಅಂದುಕೊಂಡು ಇನ್ನೊಂದು ತೋಳಿಗೆ ಕಟ್ಟಿ ಮತ್ತೆ ನೋಡಿದೆ. ಕೆಟ್ಟಿರಲಿಲ್ಲ.

“ಯಾಕಜ್ಜಿ ಮಾತ್ರೆ ತಗೊಂಡಿಲ್ಲ? ಹೀಗೇ ಬಿಟ್ಟರೆ ಕೈಕಾಲು ಬಿದ್ದುಹೋಗುತ್ತೆ!”

“ನಮ್ ಸಿಸ್ಟ್ರಮ್ಮನ್ನ ಯಾಕೆ ಕಳ್ಸಿಬುಟ್ರಿ?” ಅಂದಳು. “ಆವಮ್ಮ ಏನ್ ತಪ್ಪು ಮಾಡಿತ್ತು? ಸಂಚಿಗೆ ಮಾತ್ರೆ ಹಾಕಿದ್ದು ತಪ್ಪಾ? ಅದ್ರಿಂದ ಯಾರ್ಗೇನಾಗಿತ್ತವ್ವ?”

ಉತ್ತರ ನನ್ನ ನಾಲಿಗೆಯ ತುದಿಯಲ್ಲಿತ್ತು. ನಿನ್ನ ನಾದಿನಿ ಸಾಯುತ್ತಿದ್ದಳು ಅಜ್ಜಿ, ನೀನು ಕೊಟ್ಟ ಮಾತ್ರೆಯಿಂದ, ಅಂದಿದ್ದರೆ ಮುಗಿಯುತ್ತಿತ್ತು. ನಾನು ಬರೆದದ್ದು ಸರಿ ಅಂತಲೂ ಆಗುತ್ತಿತ್ತು. ಹೇಳಲಿಲ್ಲ.

“ನಾನೇ ಬರೆದೆ ಅಜ್ಜಿ. ನಾನು ಬರೆದದ್ದರಿಂದಲೇ ಅವರ ಕೆಲಸ ಹೋಯಿತು,” ಅಂದೆ.

ಕವರಿನಿಂದ ಬಿಪಿ ಮಾತ್ರೆ ತೆಗೆದು ಕೊಟ್ಟೆ. ಮುಖ ಆ ಕಡೆ ತಿರುಗಿಸಿಕೊಂಡಳು. ಬೇಡಿಕೊಂಡೆ, ಗದರಿದೆ, ಏನೂ ನಡೆಯಲಿಲ್ಲ. ಕೊನೆಗೆ ಆ ನರ್ಸಿಗೇ ಫೋನ್ ಹಚ್ಚಿ, ವಿಷಯ ಹೇಳಿ, ಫೋನನ್ನು ಅಜ್ಜಿಯ ಕಿವಿಯ ಹತ್ತಿರ ಹಿಡಿದೆ. ಆ ಕಡೆಯಿಂದ ಬಂದ ದನಿ ನನಗೂ ಕೇಳುತ್ತಿತ್ತು.

“ಏಮವ್ವಾ, ಮಾತ್ರೆ ತಗಂಡಿಲ್ವಂತೆ? ಯಾರ್ ಮ್ಯಾಲೆ ಕ್ವಾಪ ನಿಂಗೆ? ನಾನು ಹೊಲ್ದಿದ್ ಅರೆ ಇಲ್ದಿದ್ರೆ ಮಾತ್ರೆ ಗಂಟ್ಲಾಗೆ ಇಳಿಯಕ್ಕಿಲ್ವಾ? ನಾನಿಲ್ಲಿ ಸಂದಾಗಿವ್ನಿ. ಈಗ್ಲೇ ನುಂಗು, ನುಂಗಿದ್ ಸದ್ದು ನಂಗೆ ಕೇಳ್ಬೇಕು, ಆ!”

ಅಜ್ಜಿಯ ಕಣ್ಣಲ್ಲಿ ನೀರು ಇಳಿಯಿತು. ಕೈ ಚಾಚಿದಳು. ಮಾತ್ರೆ ಕೊಟ್ಟೆ, ನೀರು ಕೊಟ್ಟೆ, ನುಂಗಿದಳು. “ನುಂಗ್ದೆ ಕಣ್ ಸಿಸ್ಟ್ರಮ್ಮ. ದಿನಾ ನುಂಗ್ತೀನಿ. ನೀನು ಯಾವಾಗ್ ಬತ್ತೀಯ?” ಅಂದಳು. ಆ ಕಡೆಯಿಂದ ಬತ್ತೀನಿ ಅಂತ ಕೇಳಿಸಿತು.

ಫೋನನ್ನು ನನ್ನ ಕೈಗೆ ವಾಪಸು ಕೊಟ್ಟು ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು.

“ನೀನು ಬರಾದು ನಮ್ಮ ಒಳ್ಳೇದ್ಕೆ ಅಂದ್ಕಂಡಿದ್ದೆ ಕಣವ್ವ,” ಅಂದಳು.

“ಒಳ್ಳೇದಕ್ಕೇ ಬಂದಿದ್ದೆ ಅಜ್ಜಿ,” ಅಂದೆ.

ಅವಳು ನಂಬಲಿಲ್ಲ.